ಬಳ್ಳಿಯ ಇನ್ನೊಂದು ತುದಿ

ಬಂಟ್ವಾಳ ಸೀಮೆಯಲ್ಲಿ ಸಮತಟ್ಟು ನೆಲ ಇರುವುದು ಎರಡೇ ಕಡೆ. ಒಂದು, ಹೊಳೆಬದಿಯ ಬೈಲುಗದ್ದೆಗಳಲ್ಲಿ. ಇನ್ನೊಂದು, ಗುಡ್ಡದ ನೆತ್ತಿಯ ಪದವುಗಳಲ್ಲಿ. ನಡುವಿನದ್ದೆಲ್ಲ ಇಳಿಜಾರು. ಮನೆಯಂಗಳದಲ್ಲಿ ಆಡುತ್ತಿದ್ದ ಚೆಂಡು ಒಮ್ಮೆ ಕೈತಪ್ಪಿತೆಂದರೆ ಅಡಿಕೆ ತೋಟದ ಕಟ್ಟೆಗಳನ್ನು ಒಂದೊಂದಾಗಿ ಹಾರಿ, ಕೆಳಗಿನ ತೋಡಿನ ನೀರಿಗೆ ಬಿದ್ದೇ ನಿಲ್ಲುವುದು. ಅದನ್ನು ಹೆಕ್ಕಿ ತಂದು ಮತ್ತೆ ಆಟಕ್ಕೆ ನಿಲ್ಲುವಷ್ಟರಲ್ಲಿ ಅಮ್ಮ ದೀಪ ಹಚ್ಚಿ ಆಗಿರುತ್ತಿತ್ತು. ಹಾಗಾಗಿ ನಮ್ಮ ಕಡೆಯ ಮಕ್ಕಳಿಗೆ ಓಟವೆಂದರೆ ಏನೆಂದು ತಿಳಿಯುತ್ತಿದ್ದುದು ಶಾಲೆಗೆ ಸೇರಿದ ಮೇಲೆಯೇ. ಅದುವರೆಗೆ ನಾವು ಹತ್ತುತ್ತಿದ್ದೆವು, ಇಳಿಯುತ್ತಿದ್ದೆವು. ಓಡುತ್ತಿರಲಿಲ್ಲ.

ಬೈಲುಗದ್ದೆಯನ್ನು ಆಟಕ್ಕೆಂದು ಯಾರು ಬಿಟ್ಟಾರು? ಏಣಿಲು, ಸುಗ್ಗಿ, ಕೊಳಕೆ ಎಂದು ನೀರಿದ್ದ ಕಡೆ ವರ್ಷಕ್ಕೆ ಮೂರು ಬೆಳೆ ಕೊಡುತ್ತಿದ್ದ ನೆಲ ಅದು. ಉಳಿದದ್ದು ಪದವು. ಮುರಕಲ್ಲಿನ ಮೇಲೆ ಮುಳಿಹುಲ್ಲು ಬಿಟ್ಟರೆ ಹೆಚ್ಚೇನೂ ಏಳದ, ಬೇಸಿಗೆಯಲ್ಲಿ ಅಂಗಾಲು ಸುಡುವ, ಮಳೆಗಾಲದಲ್ಲಿ ಕೆನ್ನೀರು ಹರಿಯುವ ಜಾಗ. ಎಷ್ಟೋ ಊರುಗಳಲ್ಲಿ ಇಗರ್ಜಿ ಬಂದದ್ದು ಅಂಥಲ್ಲಿಗೆ. ಇಗರ್ಜಿಯ ಬೆನ್ನಿಗೆ ಶಾಲೆ ಬಂತು. ಶಾಲೆಯ ಮುಂದೆ ಗುಡ್ಡ ಕಡಿದು, ಮಣ್ಣು ಹೊತ್ತು, ಒಂದು ಮೈದಾನ ಆಯಿತು. ದಕ್ಷಿಣ ಕನ್ನಡದ ಕ್ಯಾಥೊಲಿಕ್ ಹೈಸ್ಕೂಲುಗಳಿಗೆ ಆಟೋಟದಲ್ಲಿ ಹೆಸರು ಬಂದದ್ದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ತೋರಿಸುವುದು ಆ ಕಡಿದ ಗುಡ್ಡವನ್ನು. ಕಪ್ಪು–ಶೀಲ್ಡುಗಳ ಕಪಾಟು ಆಮೇಲೆ.

ಕಳೆದ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಮಗಳ ಶಾಲೆಯ ಕ್ರೀಡಾದಿನ ಇತ್ತು. ನಡೆದದ್ದು ಬಾಡಿಗೆಯ ಮೈದಾನದಲ್ಲಿ; ಗಂಟೆಗಿಷ್ಟು ಎಂದು ಕಟ್ಟಿ ಪಡೆದ ನೆಲ. ಗೆರೆಗಳೆಂದರೆ ಹಾಸಿ ಮೊಳೆ ಹೊಡೆದ ಬಿಳಿ ಪಟ್ಟಿಗಳು. ಬಹುಮಾನ ಹಂಚಿ ಮುಗಿಯುವ ಮೊದಲೇ ಇಬ್ಬರು ಬಂದು ಪಟ್ಟಿಗಳನ್ನು ಕಿತ್ತು, ಸುರುಳಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಹೋದರು. ಅದನ್ನು ನೋಡುತ್ತ ಕೂತಿದ್ದವನಿಗೆ ಒದ್ದೆ ಸುಣ್ಣದ ವಾಸನೆ ಬಂದ ಹಾಗಾಯಿತು. ಮುಂದಿನ ವಾರ ಎರಡು ದಿನ ರಜೆ ಹಾಕಿ ಊರಿನ ಬಸ್ಸು ಹತ್ತಿದೆ. ಒಂದು ಸುತ್ತು ಬರುವ ಆಲೋಚನೆ: ಬಿ.ಸಿ.ರೋಡಿನಿಂದ ಮೂಡುಬಿದಿರೆ, ಅಲ್ಲಿಂದ ವೇಣೂರಿನ ಮೇಲಾಗಿ ಗುರುವಾಯನಕೆರೆ, ಮತ್ತೆ ಮಡಂತ್ಯಾರು, ಪುಂಜಾಲಕಟ್ಟೆ ದಾಟಿ ಬಿ.ಸಿ.ರೋಡಿಗೇ. ಹೊರಟಲ್ಲಿಗೇ ಬಂದು ಮುಟ್ಟುವ ದಾರಿ.

*

ಬಿ.ಸಿ.ರೋಡೆಂದರೆ ಬಂಟ್ವಾಳ ಕ್ರಾಸ್ ರೋಡ್. ಹೆಸರಿನಲ್ಲಿ ಬಂಟ್ವಾಳವಿದ್ದರೂ ಹಳೆಯ ಪೇಟೆ ಇಲ್ಲಿಲ್ಲ. ಅದು ಹೊಳೆಬದಿಯಲ್ಲಿ ಬೇರೆಯೇ ಇದೆ. ಗದ್ದಲದ ಈ ಕೂಡುರಸ್ತೆಯಿಂದ ಸ್ವಲ್ಪ ದೂರದಲ್ಲೇ ಮೊಡಂಕಾಪು. ಬಾಲಯೇಸುವಿನ ಹೆಸರಿನ ಇಗರ್ಜಿ, ದೀಪಿಕಾ ಹೈಸ್ಕೂಲು, ಕಾರ್ಮೆಲ್ ಭಗಿನಿಯರ ಹೆಣ್ಣುಮಕ್ಕಳ ವಿದ್ಯಾಸಂಸ್ಥೆಗಳು ಎಲ್ಲ ಹತ್ತಿರ ಹತ್ತಿರ. ಬೆಳಗ್ಗೆ ಒಂಬತ್ತರ ಹೊತ್ತಿಗೆ ಅಲ್ಲಿ ನಿಂತರೆ ಒಂದೇ ದಾರಿಯಲ್ಲಿ ನಾಲ್ಕು ಬಗೆಯ ಸಮವಸ್ತ್ರ, ನಾಲ್ಕು ಭಾಷೆ ನಡೆದು ಬರುತ್ತವೆ. ತುಳು, ಕೊಂಕಣಿ, ಬ್ಯಾರಿ, ಕನ್ನಡ. ಗೇಟು ದಾಟಿದ ಮೇಲೆ ಕನ್ನಡ, ಇಲ್ಲವೇ ಇಂಗ್ಲಿಷ್. ಮೈದಾನಕ್ಕಿಳಿದ ಮೇಲೆ ಪುನಃ ತುಳು.

ಈ ಶಾಲೆಗಳ ಹಿಂದೆ ಒಂದು ದೊಡ್ಡ ಗಾಯವಿದೆ. 1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕ್ಯಾಥೊಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. 1799ರಲ್ಲಿ ಅವನು ಮಡಿದ ಮೇಲೆ ಬದುಕುಳಿದವರು ಹಿಂದಿರುಗಿದರು. ಬಂದವರ ಕೈ ಮೊದಲು ಹಿಡಿದದ್ದು ನೇಗಿಲನ್ನು, ಆಮೇಲೆ ಕಟ್ಟಿದ್ದು ಇಗರ್ಜಿಗಳನ್ನು. ದೊಡ್ಡ ಶಾಲೆಗಳು ಬಹಳ ತಡವಾಗಿ ಬಂದವು. 1870ರಲ್ಲಿ ಫ್ರಾನ್ಸಿನ ಬಯೋನ್‌ನಿಂದ ಅಪೊಸ್ತಲಿಕ್ ಕಾರ್ಮೆಲಿನ ಭಗಿನಿಯರು ಮಂಗಳೂರಿಗೆ ಬಂದು ಹೆಣ್ಣುಮಕ್ಕಳಿಗೆ ಪಾಠ ಶುರುಮಾಡಿದರು. 1878ರ ಕೊನೆಯ ದಿನ ಜೆಸ್ವಿತ್ ಪಾದ್ರಿಗಳು ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆಯಿತು. ಪಟ್ಟಣದ ಈ ಮಾದರಿ ನಿಧಾನಕ್ಕೆ ನೇತ್ರಾವತಿಯ ಗುಂಟ ಮೇಲಕ್ಕೆ, ಹಳ್ಳಿಗಳ ಪದವುಗಳಿಗೆ ಬಂತು.

ಕ್ಯಾಥೊಲಿಕ್ ಶಾಲೆ ಎನ್ನುವುದು ಆಡಳಿತದ ಮಾತು. ಹಾಜರಿ ಪುಸ್ತಕದ ಮಾತೇ ಬೇರೆ. ನನ್ನ ತರಗತಿಯಲ್ಲಿ ಡಿಸೋಜ, ಪಿಂಟೊ, ಲೋಬೊಗಳ ಜೊತೆಗೆ ಶೆಟ್ಟಿ, ಪೂಜಾರಿ, ಮೂಲ್ಯ, ನಾಯ್ಕ, ಅಬ್ದುಲ್ಲ ಎಲ್ಲರೂ ಇದ್ದರು. ಸೆಪ್ಟೆಂಬರ್ 8ರ ಮೊಂತಿ ಫೆಸ್ತಿಗೆ, ಅಂದರೆ ಮೇರಿ ಮಾತೆಯ ಹಬ್ಬಕ್ಕೆ, ಮೊದಲಿನ ದಿನಗಳಲ್ಲಿ ಕ್ರಿಸ್ತುವರ ಮಕ್ಕಳು ಮಾತೆಗೆ ಹೂ ಕೊಯ್ದು ತರುವಾಗ ನಾವೂ ಬೇಲಿಬದಿಯ ಹೂ ಹುಡುಕಿಕೊಡುತ್ತಿದ್ದೆವು. ಅದೇ ಹೊತ್ತಿಗೆ ತಾಲೂಕು ಮಟ್ಟದ ಪಂದ್ಯಾಟಗಳು. ಬೆಳಗ್ಗೆ ಹೂ, ಸಂಜೆ ಕಬಡ್ಡಿ. ಎರಡರಲ್ಲೂ ಮೊಣಕಾಲು ತರಚುತ್ತಿತ್ತು.

*

ಇಷ್ಟು ಹೇಳಿದ ಮೇಲೆ ಒಪ್ಪಿಕೊಳ್ಳಬೇಕಾದ ಒಂದು ಸಂಗತಿ ಉಂಟು. ನಾನು ಯಾವ ತಂಡದಲ್ಲೂ ಇರಲಿಲ್ಲ. ಓಟದಲ್ಲಿ ನನ್ನ ಹಿಂದೆ ಬರುತ್ತಿದ್ದುದು ಧೂಳು ಮಾತ್ರ. ಕಬಡ್ಡಿಯಲ್ಲಿ ಉಸಿರು ಸಾಲದು, ವಾಲಿಬಾಲಿನಲ್ಲಿ ಎತ್ತರ ಸಾಲದು. ಎಂಟನೆಯ ಕ್ಲಾಸಿನ ಮೊದಲ ತಿಂಗಳಲ್ಲೇ ಪಿ.ಟಿ. ಮಾಸ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನೀನು ಬಳ್ಳಿ ಹಿಡಿ” ಎಂದರು.

ನಮ್ಮ ಕಡೆ ಹಗ್ಗಕ್ಕೆ ಬಳ್ಳಿ ಎನ್ನುತ್ತೇವೆ. ದನ ಕಟ್ಟುವುದೂ ಬಳ್ಳಿಯಲ್ಲಿ, ಬಾವಿಯಿಂದ ನೀರು ಸೇದುವುದೂ ಬಳ್ಳಿಯಲ್ಲಿ. ಮಾಸ್ಟ್ರು ಕೊಟ್ಟ ಬಳ್ಳಿ ಮೈದಾನಕ್ಕೆ ಗೆರೆ ಎಳೆಯುವುದಕ್ಕೆ. ಮುಂದಿನ ಮೂರು ವರ್ಷ ಅದೇ ನನ್ನ ಆಟ.

ಸುಣ್ಣದ ಗೆರೆ ಎಳೆಯುವ ಕೆಲಸ ಹೊರಗಿನಿಂದ ನೋಡಿದಷ್ಟು ಸಸಾರವಲ್ಲ. ನಮ್ಮದು 200 ಮೀಟರಿನ ಟ್ರ್ಯಾಕು. 400 ಮೀಟರಿನ, ಎಂಟು ಲೇನಿನ ಪೂರ್ತಿ ಟ್ರ್ಯಾಕಿಗೆ ಸುಮಾರು 177 ಮೀಟರ್ ಉದ್ದ, 93 ಮೀಟರ್ ಅಗಲದ ಸಮತಟ್ಟು ನೆಲ ಬೇಕು. ಅಷ್ಟನ್ನು ಕಡಿದು ತೆಗೆಯುವುದಾದರೆ ನಮ್ಮ ಗುಡ್ಡವೇ ಉಳಿಯುತ್ತಿರಲಿಲ್ಲ. ಹಾಗಾಗಿ 50 ಮೀಟರಿನ ಎರಡು ನೇರ ಗೆರೆ, 50 ಮೀಟರಿನ ಎರಡು ಬಾಗು. ಬಾಗಿನ ನಡುವಿಗೆ ಒಂದು ಕಬ್ಬಿಣದ ಗೂಟ ಹೊಡೆಯಬೇಕು. ಅದಕ್ಕೆ ಬಳ್ಳಿ ಸಿಕ್ಕಿಸಬೇಕು. ಬಳ್ಳಿಯ ಉದ್ದ ಎಷ್ಟು? “ಐವತ್ತನ್ನು ಪೈಯಿಂದ ಭಾಗಿಸು ಮಾರಾಯ” ಎನ್ನುತ್ತಿದ್ದರು ಮಾಸ್ಟ್ರು. ಹದಿನಾರು ಮೀಟರಿಗೆ ತುಸು ಕಡಿಮೆ. ಒಬ್ಬ ಗೂಟದ ಬಳಿ ಕೂತು ಬಳ್ಳಿಯನ್ನು ನೆಲಕ್ಕೆ ಒತ್ತಿ ಹಿಡಿಯಬೇಕು, ಇನ್ನೊಬ್ಬ ಆ ತುದಿಯನ್ನು ಬಿಗಿಯಾಗಿ ಎಳೆದುಕೊಂಡು, ಮೊಳೆಯಿಂದ ನೆಲ ಗೀರುತ್ತ ಅರ್ಧ ಸುತ್ತು ಬರಬೇಕು. ಬಳ್ಳಿ ಸಡಿಲವಾದರೆ ಬಾಗು ಚಪ್ಪಟೆಯಾಗುತ್ತದೆ. ಗೀರಿನ ಮೇಲೆ, ತಳಕ್ಕೆ ತೂತು ಹೊಡೆದ ಡಬ್ಬಿಯಿಂದ ಸುಣ್ಣದ ಹುಡಿ ಬಿಡಬೇಕು. ಗಾಳಿ ಬಂದರೆ ಕಣ್ಣಿಗೆ, ಮಳೆ ಬಂದರೆ ನೀರಿಗೆ. ಕೂಟದ ಹಿಂದಿನ ರಾತ್ರಿ ಮಳೆ ಹುಯ್ದರೆ ಬೆಳಗ್ಗೆ ಐದಕ್ಕೆ ಎದ್ದು ಮೊದಲಿನಿಂದ.

ಪೈ ಎಂದರೆ ಏನೆಂದು ಗಣಿತದ ಕ್ಲಾಸಿನಲ್ಲಿ ನನಗೆ ತಿಳಿಯಲೇ ಇಲ್ಲ. ತಿಳಿದದ್ದು ಮೈದಾನದಲ್ಲಿ, 200 ಮೀಟರ್ ಓಟಕ್ಕೆ ಹುಡುಗರನ್ನು ನಿಲ್ಲಿಸುವಾಗ. ಒಳಗಿನ ಲೇನಿಗಿಂತ ಹೊರಗಿನ ಲೇನಿನ ದಾರಿ ಉದ್ದ. ಹಾಗಾಗಿ ಹೊರಗಿನವನನ್ನು ಅಷ್ಟು ಮುಂದೆ ನಿಲ್ಲಿಸಬೇಕು. ಎಷ್ಟು ಮುಂದೆ? ಲೇನಿನ ಅಗಲದ ಎರಡು ಪಟ್ಟನ್ನು ಪೈಯಿಂದ ಗುಣಿಸಿದಷ್ಟು. ನಮ್ಮ ಲೇನು 1 ಮೀಟರಿನದು. ಒಂದೊಂದು ಲೇನಿಗೆ 6.28 ಮೀಟರ್ ಮುಂದೆ. ದೊಡ್ಡ ಕೂಟಗಳ 1.22 ಮೀಟರಿನ ಲೇನಾದರೆ 7.67 ಮೀಟರ್. ಇದರಲ್ಲೊಂದು ಚೋದ್ಯವಿದೆ. ಒಂದು ಪೂರ್ತಿ ಸುತ್ತಿಗೆ ಈ ಲೆಕ್ಕ ಮೈದಾನದ ಗಾತ್ರ ಕೇಳುವುದಿಲ್ಲ. ಒಲಿಂಪಿಕ್ಸಿನ ಟ್ರ್ಯಾಕಾದರೂ ಅಷ್ಟೆ, ನಮ್ಮ ಪದವಾದರೂ ಅಷ್ಟೆ. ಲೇನಿನ ಅಗಲವೊಂದೇ ಮುಖ್ಯ.

ಪ್ರತಿ ವರ್ಷವೂ ಒಳಗಿನ ಲೇನಿನ ಹುಡುಗನೊಬ್ಬ ತಕರಾರು ತೆಗೆಯುತ್ತಿದ್ದ. “ಸರ್, ಅವ ಮುಂದೆ ನಿಂತಿದ್ದಾನೆ!” ಮಾಸ್ಟ್ರು ಬಾಯಿಯಿಂದ ಸೀಟಿ ತೆಗೆಯದೆಯೇ ಗೊಣಗುತ್ತಿದ್ದರು: “ಅವನಿಗೆ ದಾರಿ ದೂರ ಉಂಟು. ನೀನು ಓಡು.”

ನಮ್ಮ ತರಗತಿಯ ಅರ್ಧದಷ್ಟು ಮಕ್ಕಳ ಅಮ್ಮಂದಿರು ಬೀಡಿ ಕಟ್ಟುತ್ತಿದ್ದರು. ಎಲೆ ಕತ್ತರಿಸಿ, ನೂಲು ಸುತ್ತಿ, ಸಂಜೆ ಬೀಡಿ ಬ್ರಾಂಚಿಗೆ ಲೆಕ್ಕ ಒಪ್ಪಿಸುವ ಮನೆಗಳು. ಅಂಥ ಮನೆಯ ಹುಡುಗನೊಬ್ಬನಿಗೆ ಶಾಲೆಯಿಂದ ಬೂಟು ಸಿಕ್ಕಿತು, ಕೊನೆಯ ಬಸ್ಸು ತಪ್ಪಿದ ದಿನ ಇಗರ್ಜಿಯ ಮನೆಯಲ್ಲಿ ಊಟ ಸಿಕ್ಕಿತು. ಅದನ್ನು ನೋಡಿ ಯಾರೋ ಏನೋ ಅಂದದ್ದೂ ಉಂಟು. ನಾನು ಮಾತಾಡಲಿಲ್ಲ. ನನಗೆ ಆ ಹೊತ್ತಿಗೆ ಲೇನಿನ ಲೆಕ್ಕ ಬಾಯಿಪಾಠವಾಗಿತ್ತು.

*

ಬಂಟ್ವಾಳ ಪೇಟೆಯ ಹಳೆಯ ಅಂಗಡಿಸಾಲು ದಾಟುವಾಗ ಇಂದಿಗೂ 1974ರ ನೆರೆಯ ಮಾತು ಬಾರದೆ ಇರುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಕಿಟಕಿಯಿಂದ ಕೈ ಹೊರಚಾಚಿ, ನೀರು ಎಲ್ಲಿಯ ತನಕ ಬಂದಿತ್ತೆಂದು ತೋರಿಸಿದರು. ನೇತ್ರಾವತಿ ಪೇಟೆಯನ್ನು ಮುಳುಗಿಸಿದ ಆ ವರ್ಷ ಬೈಲು ಹೋದರೂ ಪದವು ಉಳಿಯಿತು. ಮಕ್ಕಳ ಪದ್ಯಗಳನ್ನು ಕನ್ನಡಕ್ಕೆ ಕೊಟ್ಟ ಪಂಜೆ ಮಂಗೇಶರಾಯರು 1874ರಲ್ಲಿ ಹುಟ್ಟಿದ್ದೂ ಇದೇ ಬಂಟ್ವಾಳದಲ್ಲಿ. ಅವರು ಶಾಲಾ ಇನ್‌ಸ್ಪೆಕ್ಟರರಾಗಿ ಊರೂರು ಸುತ್ತಿದವರು. ಅಂದಿನ ಎಷ್ಟು ಶಾಲೆಗಳಿಗೆ ಅಂಗಳವಿತ್ತೋ, ಎಷ್ಟಕ್ಕೆ ಬರೀ ಜಗಲಿಯೋ ಎಂದು ಬಸ್ಸಿನಲ್ಲಿ ಸುಮ್ಮನೆ ಯೋಚಿಸಿದೆ.

ಲೊರೆಟ್ಟೊ, ರಾಯಿ, ಸಿದ್ದಕಟ್ಟೆ, ಸಂಗಬೆಟ್ಟು. ಬಸ್ಸು ಏರುತ್ತದೆ, ಇಳಿಯುತ್ತದೆ. ಏರಿನ ತುದಿಯಲ್ಲಿ ಎಲ್ಲೋ ಒಂದು ಶಿಲುಬೆ, ಎಲ್ಲೋ ಒಂದು ಗೋಲುಕಂಬ. ಇಳಿದಲ್ಲಿ ತೋಟ, ದೈವದ ಗುಡಿ, ಸಂಕ. ಲೊರೆಟ್ಟೊ ಎಂಬ ಹೆಸರು ಇಟಲಿಯ ಒಂದು ತೀರ್ಥಕ್ಷೇತ್ರದ್ದು. ಇಲ್ಲಿ ಅದು ಕಂಡಕ್ಟರನ ಬಾಯಲ್ಲಿ ಸಲೀಸಾಗಿ ತುಳುವಿನ ಊರಾಗಿದೆ.

ಕ್ಯಾಥೊಲಿಕ್ ಶಾಲೆಗೂ ಆಟಕ್ಕೂ ಇರುವ ನಂಟು ನಮ್ಮಲ್ಲಿಗೆ ಮುಗಿಯುವುದಿಲ್ಲ. ಇಟಲಿಯ ಟ್ಯುರಿನ್ ಪಟ್ಟಣದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿಗೆ ದುಡಿಯುವ ಬಡ ಹುಡುಗರನ್ನು ಒಟ್ಟುಮಾಡಿದ ಡಾನ್ ಬಾಸ್ಕೊ ಪಾಠಕ್ಕೂ ಪ್ರಾರ್ಥನೆಗೂ ಆಟದ ಅಂಗಳವನ್ನೇ ಬಾಗಿಲು ಮಾಡಿಕೊಂಡ. ಅಮೆರಿಕದ ಬಾಲ್ಟಿಮೋರಿನಲ್ಲಿ, ಅಪ್ಪ ಅಮ್ಮನಿಗೆ ಹತೋಟಿಗೆ ಬಾರದ ಏಳು ವರ್ಷದ ಹುಡುಗನೊಬ್ಬನನ್ನು 1902ರಲ್ಲಿ ಸೇಂಟ್ ಮೇರೀಸ್ ಎಂಬ ಶಾಲೆಗೆ ತಂದು ಬಿಟ್ಟರು. ಅಲ್ಲಿ ಬ್ರದರ್ ಮಥಾಯಸ್ ಎಂಬ ಭಾರೀ ಆಳು ಅವನಿಗೆ ಬೇಸ್‌ಬಾಲ್ ಹೇಳಿಕೊಟ್ಟ. ಆ ಹುಡುಗ ಬೇಬ್ ರೂತ್. ಕ್ಯಾಲಿಫೋರ್ನಿಯಾದ ಕಾನ್‌ಕಾರ್ಡಿನ ಡಿ ಲಾ ಸಾಲ್ ಹೈಸ್ಕೂಲು 1992ರಿಂದ 2004ರ ತನಕ ಅಮೆರಿಕನ್ ಫುಟ್‌ಬಾಲಿನಲ್ಲಿ ಸತತ 151 ಪಂದ್ಯ ಗೆದ್ದು ಹೆಸರಾಯಿತು. ಮುಂಬೈ ಬಾಂದ್ರಾದ ಸೇಂಟ್ ಸ್ಟಾನಿಸ್ಲಾಸ್ ಹಾಕಿಗೆ ಹೆಸರುವಾಸಿ. ನಮ್ಮ ರಾಹುಲ್ ದ್ರಾವಿಡ್ ಓದಿದ್ದು ಬೆಂಗಳೂರಿನ ಸೇಂಟ್ ಜೋಸೆಫ್ಸ್ ಬಾಲಕರ ಶಾಲೆಯಲ್ಲಿ.

ಆ ಶಾಲೆಗಳಲ್ಲಿ ಹಲವಕ್ಕೆ ಬೋರ್ಡಿಂಗ್ ಇತ್ತು, ಇಲ್ಲವೇ ಪಟ್ಟಣದ ಬಲ ಇತ್ತು. ಬಂಟ್ವಾಳ–ಬೆಳ್ತಂಗಡಿಯ ಹಳ್ಳಿ ಹೈಸ್ಕೂಲಿಗೆ ಇದ್ದದ್ದು ಲಾಂಗ್‌ಬೆಲ್ಲಿಗೂ ಕೊನೆಯ ಬಸ್ಸಿಗೂ ನಡುವಿನ ಒಂದೂವರೆ ಗಂಟೆ. ಮನೆಗೆ ಹೋಗಿ ಹುಲ್ಲು ತರಬೇಕಾದವರು, ಎಲೆ ಕತ್ತರಿಸಬೇಕಾದವರು ಆ ಒಂದೂವರೆ ಗಂಟೆಯಲ್ಲೇ ಓಡಬೇಕು. ಅದೂ ಎಂಥ ಊರಿನಲ್ಲಿ? ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುವ ಜಿಲ್ಲೆಯಲ್ಲಿ, ಮಳೆ ಸುರಿಯುತ್ತಿರುವಾಗಲೇ. ವಲಯ ಮಟ್ಟ, ತಾಲೂಕು ಮಟ್ಟ, ಜಿಲ್ಲೆ, ಮೈಸೂರು ವಿಭಾಗ, ರಾಜ್ಯ ಎಂದು ಮೆಟ್ಟಿಲು ಹತ್ತಬೇಕಾದವರಿಗೆ ಮೊದಲ ಮೆಟ್ಟಿಲೇ ಕೆಸರು. ತ್ರೋಬಾಲು, ವಾಲಿಬಾಲು, ಕಬಡ್ಡಿ, ಖೋ ಖೋ ಇಲ್ಲಿ ಬೇರು ಬಿಟ್ಟದ್ದಕ್ಕೆ ಇದೂ ಕಾರಣ. ಒಂದು ಬಲೆ, ಒಂದು ಚೆಂಡು, ಅಥವಾ ಅದೂ ಇಲ್ಲದೆ ಬರೀ ಗೆರೆ ಸಾಕು. ಹೆಣ್ಣುಮಕ್ಕಳ ಕಬಡ್ಡಿ ಅಂಕಣ 12 ಮೀಟರ್ ಉದ್ದ, 8 ಮೀಟರ್ ಅಗಲ; ಅಷ್ಟು ನೆಲ ಎಂಥ ಗುಡ್ಡದಲ್ಲೂ ಸಿಕ್ಕೀತು.

ತಾಲೂಕು ಕೂಟದ ರಿಲೇ ನೋಡಬೇಕಿತ್ತು ನೀವು. ಕೊನೆಯ ಬಾಗಿನಲ್ಲಿ ನಮ್ಮ ಹುಡುಗಿ ಬ್ಯಾಟನ್ ಹಿಡಿದು ಹೊರಟೊಡನೆ ಗುಡ್ಡದ ಅಂಚಿನಲ್ಲಿ ಕೂತಿದ್ದ ಜನ ಎದ್ದು ನಿಲ್ಲುತ್ತಿದ್ದರು. “ಬಲಿಪು! ಬಲಿಪು!” ಎಂದು ತುಳುವಿನಲ್ಲಿ ಒಂದು ಮೂಲೆ, “ಧಾಂವ್! ಧಾಂವ್!” ಎಂದು ಕೊಂಕಣಿಯಲ್ಲಿ ಸಿಸ್ಟರು, “ಓಡು ಮಗಾ!” ಎಂದು ಕನ್ನಡ ಮಾಸ್ಟ್ರು. ಅವಳಿಗೆ ಯಾವುದು ಕೇಳುತ್ತಿತ್ತೋ ಗೊತ್ತಿಲ್ಲ. ಬಹುಮಾನಕ್ಕೆ ಸ್ಟೀಲಿನ ಲೋಟ.

*

ಮೂಡುಬಿದಿರೆಯಲ್ಲಿ ಇಳಿದಾಗ ಮಧ್ಯಾಹ್ನ. ಸಾವಿರ ಕಂಬದ ಬಸದಿಗೆ ಹೋಗುವವರ ನಡುವಿನಿಂದ ನುಸುಳಿ ನಾನು ಸ್ವರಾಜ್ಯ ಮೈದಾನದ ದಾರಿ ಹಿಡಿದೆ. ಅಲ್ಲಿ ಈಗ ಸಿಂಥೆಟಿಕ್ ಟ್ರ್ಯಾಕು. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್ ಕೂಟ ಈ ಊರಿನಲ್ಲಿ ನಡೆಯಿತು. ಅದರ ಹಿಂದೆ ಡಾ. ಎಂ. ಮೋಹನ ಆಳ್ವರು ಕಟ್ಟಿದ ಆಳ್ವಾಸ್ ಶಿಕ್ಷಣ ಪ್ರತಿಷ್ಠಾನ ಇದೆ. ಪ್ರತಿಭೆಯಿದ್ದ ಮಕ್ಕಳನ್ನು ಕ್ರೀಡಾ ದತ್ತು ಯೋಜನೆಯಲ್ಲಿ ತೆಗೆದುಕೊಂಡು ಉಚಿತವಾಗಿ ಓದಿಸಿ, ತರಬೇತಿ ಕೊಡುವ ಏರ್ಪಾಡು ಅಲ್ಲಿಯದು. ಹೊರ ಜಿಲ್ಲೆ, ಹೊರ ರಾಜ್ಯಗಳ ಮಕ್ಕಳೂ ಇಲ್ಲಿಗೆ ಬರುತ್ತಾರೆ.

ಟ್ರ್ಯಾಕಿನ ಅಂಚಿನಲ್ಲಿ ಕೂತು ಗೆರೆಯ ಮೇಲೆ ಕೈಯಾಡಿಸಿದೆ. ಪೇಂಟು. ಅಳಿಸುವುದಿಲ್ಲ, ಕೈಗೆ ಅಂಟುವುದಿಲ್ಲ. 7.67ರ ಅಂತರವನ್ನು ಯಾರೋ ಒಮ್ಮೆ ಅಳೆದು ಗುರುತು ಮಾಡಿ ಹೋಗಿದ್ದಾರೆ. ಇನ್ನು ಯಾವ ಹುಡುಗನೂ ಬೆಳಗ್ಗೆ ಐದಕ್ಕೆ ಏಳಬೇಕಿಲ್ಲ. ನನಗೆ ಸಂತೋಷವೂ ಆಯಿತು, ಸಣ್ಣದೊಂದು ಹೊಟ್ಟೆಕಿಚ್ಚೂ ಆಯಿತು. ಸುತ್ತಲಿನ ಹಳ್ಳಿ ಶಾಲೆಗಳಲ್ಲಿ ಯಾರಾದರೂ ಚೂಟಿಯಾಗಿ ಓಡಿದರೆ ಅವರು ಒಂದಲ್ಲ ಒಂದು ದಿನ ಇಂಥ ದೊಡ್ಡ ಮೈದಾನಕ್ಕೆ ಹೊರಡುತ್ತಾರೆ. ಹೊರಡಲೇಬೇಕು. ಆಮೇಲೆ ಪೇಪರಿನಲ್ಲಿ ಬರುವುದು ದೊಡ್ಡ ಮೈದಾನದ ಹೆಸರು. ಹೊಳೆಗೆ ಹೆಸರಿರುತ್ತದೆ, ಒರತೆಗೆ ಎಲ್ಲಿಯ ಹೆಸರು?

ಇದೇ ಮೂಡುಬಿದಿರೆಯ ಹತ್ತಿರದ ಅಶ್ವತ್ಥಪುರದ ಶ್ರೀನಿವಾಸ ಗೌಡ 2020ರಲ್ಲಿ ಐಕಳದ ಕಂಬಳದಲ್ಲಿ ಕೋಣಗಳ ಬೆನ್ನಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೆಲ್ಲ ಉಸೇನ್ ಬೋಲ್ಟ್ ಹೆಸರು ತೆಗೆದು ಕುಣಿಯಿತು. ಟ್ರ್ಯಾಕಿಗೆ ಬಾ ಎಂದು ಕರೆ ಬಂತು. ಆತ ಕಂಬಳದ ಕರೆಯಲ್ಲೇ, ಕೋಣ ಓಡಿಸುವ ಆ ಕೆಸರುಗದ್ದೆಯಲ್ಲೇ, ಉಳಿದ. ಆಗ ಅನೇಕರಿಗೆ ನಿರಾಸೆಯಾಯಿತು, ನನಗೆ ಆಗಲಿಲ್ಲ. ಕೋಣದ ಎಳೆತ ಬೇರೆ, ಕಾಲಿನ ಓಟ ಬೇರೆ, ಕೆಸರಿನಲ್ಲಿ ಲೇನಿನ ಗೆರೆಯೇ ಇಲ್ಲ. ಯಾವ ನೆಲ ಯಾರಿಗೆ ಓಡಲು ಕಲಿಸಿತೋ ಆ ನೆಲವನ್ನು ಅಳೆಯದೆ ಓಟವನ್ನು ಮಾತ್ರ ಅಳೆದರೆ ಲೆಕ್ಕ ತಪ್ಪುತ್ತದೆ.

*

ವೇಣೂರಿನಲ್ಲಿ ಇಳಿಯುವ ಅಂದಾಜು ಇರಲಿಲ್ಲ. ಬಸ್ಸಿನ ಕಿಟಕಿಯಿಂದ ಬಾಹುಬಲಿಯ ಬೋರ್ಡು ಕಂಡೊಡನೆ ಕಾಲು ತಾನೇ ಇಳಿಯಿತು. ಫಲ್ಗುಣಿಯ ದಡದಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಮೂರ್ತಿ. ಸುಮಾರು 35 ಅಡಿ. ಶ್ರವಣಬೆಳಗೊಳದ್ದಾಗಲಿ ಕಾರ್ಕಳದ್ದಾಗಲಿ ಬೆಟ್ಟದ ಮೇಲಿವೆ. ಇದು ಊರಿನ ಮಟ್ಟದಲ್ಲೇ ನಿಂತಿದೆ, ಕೈಗೆ ಸಿಕ್ಕುವಷ್ಟು ಹತ್ತಿರ.

ಬಾಹುಬಲಿ ಮತ್ತು ಅವನ ಅಣ್ಣನ ಕತೆಯನ್ನು ನಾನು ಹೈಸ್ಕೂಲಿನಲ್ಲಿ ಕೇಳಿದ್ದು ಪಂದ್ಯದ ಕತೆಯಾಗಿ. ಎರಡು ಸೇನೆಗಳು ಕಡಿದಾಡಿ ಸಾಯುವುದು ಬೇಡ, ನೀವಿಬ್ಬರೇ ಆಡಿ ಎಂದು ಮಂತ್ರಿಗಳು ಹೇಳಿದರಂತೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ: ಮೂರು ಸುತ್ತು. ಮೂರರಲ್ಲೂ ಬಾಹುಬಲಿ ಗೆದ್ದ. ಕೊನೆಯಲ್ಲಿ ಅಣ್ಣನನ್ನು ಎತ್ತಿದವನು ನೆಲಕ್ಕೆ ಅಪ್ಪಳಿಸಲಿಲ್ಲ. ಗೆದ್ದದ್ದನ್ನೆಲ್ಲ ಅವನಿಗೇ ಬಿಟ್ಟು ಕಾಡಿಗೆ ಹೋಗಿ ನಿಂತ. ನಿಂತವನ ಕಾಲಿಗೆ, ತೋಳಿಗೆ ಬಳ್ಳಿ ಹಬ್ಬಿತು.

ಕಲ್ಲಿನ ಆ ಬಳ್ಳಿಯನ್ನು ನೋಡುತ್ತ ನಿಂತೆ. ಕಾಲಿನಿಂದ ಹೊರಟು ತೊಡೆಯ ಮೇಲೆ ಹಾದು ತೋಳು ಸುತ್ತಿದೆ. ಓಡಿಹೋದವರ ಬಗ್ಗೆ ಅದುವರೆಗೆ ಯೋಚಿಸಿದ್ದೆ. ನಿಂತವರ ಬಗ್ಗೆ ಯೋಚಿಸಿರಲಿಲ್ಲ. ಪ್ರತಿ ಜೂನಿನಲ್ಲೂ ಹೊಸ ಮಕ್ಕಳನ್ನು ಹಿಡಿದು, ಗೆಲ್ಲುವುದನ್ನು ಕಲಿಸಿ, ಮೂರು ವರ್ಷದಲ್ಲಿ ಬೇರೆಯವರಿಗೆ ಬಿಟ್ಟುಕೊಟ್ಟು, ಮತ್ತೆ ಜೂನಿಗೆ ಮೈದಾನದ ನಡುವೆ ನಿಲ್ಲುವ ಮಾಸ್ಟ್ರ ಕಾಲಿಗೂ ಬಳ್ಳಿ ಸುತ್ತಿಯೇ ಇತ್ತು. ಎರಡು ಅರ್ಥದಲ್ಲೂ.

*

ಗುರುವಾಯನಕೆರೆಯಲ್ಲಿ ಒಂದು ದಾರಿ ಬೆಳ್ತಂಗಡಿ, ಉಜಿರೆ ಕಡೆಗೆ ಹೋಗುತ್ತದೆ. ಕುಂದಾಪುರದ ಕಡೆಯ ಗುರುರಾಜ ಪೂಜಾರಿ, ಲಾರಿ ಚಾಲಕರೊಬ್ಬರ ಮಗ, ಉಜಿರೆಯ ಎಸ್‌ಡಿಎಂ ಕಾಲೇಜಿಗೆ ಬಂದ ಮೇಲೆ ಭಾರ ಎತ್ತಲು ಕಲಿತು, 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಒಟ್ಟು 249 ಕಿಲೊ ಎತ್ತಿ ಬೆಳ್ಳಿ ಗೆದ್ದರು. ಆ ಕೂಟದಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ನಾನು ಆ ಕಡೆ ತಿರುಗದೆ ಬಂಟ್ವಾಳದ ಬಸ್ಸು ಹತ್ತಿದೆ.

ಮಡಂತ್ಯಾರಿನಲ್ಲಿ ಪವಿತ್ರ ಹೃದಯದ ಹೆಸರಿನ ಇಗರ್ಜಿ. ಅದರ ಆಸರೆಯಲ್ಲೇ ಸೇಕ್ರೆಡ್ ಹಾರ್ಟ್ ಸಂಸ್ಥೆಗಳು. ಚಿಕ್ಕ ಮಕ್ಕಳ ಶಾಲೆಯಿಂದ ಪದವಿ ಕಾಲೇಜಿನ ತನಕ. ಹಳ್ಳಿಯ ಹುಡುಗಿಯೊಬ್ಬಳು ಒಂದನೆಯ ಕ್ಲಾಸಿಗೆ ಹತ್ತಿದ ಗುಡ್ಡವನ್ನೇ ಡಿಗ್ರಿ ಮುಗಿಯುವ ತನಕ ಹತ್ತಬಹುದು. ಹೆದ್ದಾರಿಯ ಬದಿಯ ಹೋಟೆಲಿನಲ್ಲಿ ಗೋಳಿಬಜೆಯ ಜೊತೆ ಚಾ ಕುಡಿಯುತ್ತ ಕೂತಾಗ ಎದುರಿನ ಬೆಂಚಿನವರು ಮಾತಿಗೆ ಸಿಕ್ಕಿದರು. ಎಂಬತ್ತರ ದಶಕದಲ್ಲಿ ಯಾವುದೋ ಊರಿನ ತಂಡದಲ್ಲಿ ವಾಲಿಬಾಲ್ ಆಡಿದವರು.

“ಈಗ ಕನ್ನಡ ಮೀಡಿಯಂ ಹೈಸ್ಕೂಲುಗಳಲ್ಲಿ ಎಂತ ಉಂಟು?” ಎಂದರು. “ಕಬಡ್ಡಿಗೆ ಏಳು ಜನ ಹುಡುಗರನ್ನು ಒಟ್ಟು ಮಾಡುವುದೇ ಕಷ್ಟ. ಇಂಗ್ಲಿಷ್ ಮೀಡಿಯಮ್ಮಿನ ವ್ಯಾನು ಮನೆಯಂಗಳಕ್ಕೇ ಬರ್ತದೆ.”

ಏಳು. ಆ ಸಂಖ್ಯೆ ನನ್ನ ತಲೆಯಲ್ಲಿ ಕೂತಿತು. ಕಬಡ್ಡಿ ಅಂಕಣದಲ್ಲಿ ಏಳು ಜನ, ತ್ರೋಬಾಲಿನಲ್ಲೂ ಏಳು. ಇಲಾಖೆ ಶಾಲೆಯನ್ನು ಅಳೆಯುವುದು ಹಾಜರಿಯಿಂದ, ಫಲಿತಾಂಶದ ಶೇಕಡಾದಿಂದ. ಊರಿನವರು ಅಳೆಯುವುದು ಈ ಏಳರಿಂದ. ಏಳು ಜನ ಸಿಗುವ ತನಕ ಶಾಲೆ ಜೀವಂತ. ಆರಕ್ಕೆ ಇಳಿದ ದಿನ, ಬಾಗಿಲು ತೆರೆದೇ ಇದ್ದರೂ, ಅದು ಶಾಲೆ ಎನಿಸುವುದು ಕಷ್ಟ.

ಅನುದಾನಿತ ಶಾಲೆಗಳ ಇನ್ನೊಂದು ಸಂಕಟವೂ ಅವರ ಮಾತಿನಲ್ಲಿ ಬಂತು. ಪಿ.ಟಿ. ಮಾಸ್ಟ್ರು ನಿವೃತ್ತರಾದರೆ ಆ ಜಾಗಕ್ಕೆ ಇನ್ನೊಬ್ಬರು ಬೇಗ ಬರುವುದಿಲ್ಲ. ಹುದ್ದೆ ಖಾಲಿಯೇ ಉಳಿಯುತ್ತದೆ. ಗೌರವಧನದ ಮೇಲೆ ಯಾರನ್ನೋ ಇಟ್ಟುಕೊಳ್ಳಬೇಕು. ಗಣಿತದ ಮಾಸ್ಟ್ರಿಲ್ಲದಿದ್ದರೆ ಪೋಷಕರು ಗಲಾಟೆ ಮಾಡುತ್ತಾರೆ. ಸೀಟಿಯ ಸದ್ದು ನಿಂತುಹೋದರೆ ಯಾರೂ ಕೇಳುವುದಿಲ್ಲ.

*

ನನ್ನ ಶಾಲೆ ಈ ಹೆದ್ದಾರಿಯಿಂದ ಒಳಗೆ ಎರಡು ಮೈಲಿ. ಹೆಸರು ಬರೆಯುವುದಿಲ್ಲ, ಇಂಥ ಪದವು, ಇಂಥ ಮೈದಾನ ಈ ಸುತ್ತಿನ ಮೂರು ತಾಲೂಕುಗಳಲ್ಲಿ ಬೇಕಾದಷ್ಟು ಇವೆ, ಯಾವುದಾದರೂ ಒಂದು ಎಂದಿಟ್ಟುಕೊಳ್ಳಿ. ರಿಕ್ಷಾ ಇಳಿದಾಗ ಲಾಂಗ್‌ಬೆಲ್ ಆಗಿತ್ತು. ಹಿಂದೆ ನಾವು ಹೊರಗಿನ ಲೇನು ಗೀರುತ್ತಿದ್ದ ಮೂಲೆಯಲ್ಲಿ ಈಗ ಇಂಗ್ಲಿಷ್ ಮೀಡಿಯಮ್ಮಿನ ಹೊಸ ಕಟ್ಟಡದ ಮೆಟ್ಟಿಲು ಇತ್ತು. ಲಾಂಗ್‌ಜಂಪಿನ ಹೊಂಡದಲ್ಲಿ ಹುಲ್ಲು. ಕಂಪೌಂಡಿನ ಮುರಕಲ್ಲಿನ ಮೇಲೆ ಯಾವುದೋ ಕಾಡುಬಳ್ಳಿ ಹಬ್ಬಿತ್ತು.

ಆದರೆ ಮೈದಾನದ ನಡುವೆ ಇಬ್ಬರಿದ್ದರು. ಚೂಡಿದಾರದ ಮೇಲೆ ಟೋಪಿ ಹಾಕಿದ ಎಳೆಯ ಟೀಚರೊಬ್ಬರು. ಒಂಬತ್ತನೆಯದೋ ಹತ್ತನೆಯದೋ ಕ್ಲಾಸಿನ ಒಬ್ಬ ಹುಡುಗಿ. ಟೀಚರ ಕೈಯಲ್ಲಿ ಸುಣ್ಣದ ಡಬ್ಬಿ, ಹುಡುಗಿಯ ಕೈಯಲ್ಲಿ ಬಳ್ಳಿ. ಈಗ ಅದು ನೀಲಿ ನೈಲಾನಿನದು.

“ಯಾರು ಬೇಕಿತ್ತು ಸರ್?”

“ಯಾರೂ ಇಲ್ಲ. ಇಲ್ಲೇ ಕಲಿತದ್ದು.”

“ಹೌದಾ! ಯಾವ ಬ್ಯಾಚ್? ಯಾವುದರಲ್ಲಿ ಇದ್ರಿ, ಕಬಡ್ಡಿಯಾ?”

ನಾನು ಉತ್ತರ ಹುಡುಕುತ್ತಿರುವಾಗ ಹುಡುಗಿ ನಡುವೆ ಬಾಯಿ ಹಾಕಿದಳು. “ಟೀಚರ್, ಗೂಟ ಅಲ್ಲಾಡ್ತಾ ಉಂಟು. ಬಳ್ಳಿ ನಿಲ್ಲುವುದಿಲ್ಲ.”

ಮಳೆ ಬಿಟ್ಟು ಹೆಚ್ಚು ದಿನ ಆಗಿರಲಿಲ್ಲ. ಮಣ್ಣು ಇನ್ನೂ ಮೆದುವಾಗಿತ್ತು. ಚಪ್ಪಲಿ ಕಳಚಿಟ್ಟು ಹೋಗಿ ಗೂಟದ ಬಳಿ ಕೂತೆ. ಮೊಣಕಾಲು ಹಳೆಯ ಹಾಗೆ ಮಡಚಲಿಲ್ಲ, ಪಟ್ಟಾಗಿ ಕೂತುಬಿಟ್ಟೆ. ಎಡಗೈಯಿಂದ ಗೂಟ ಒತ್ತಿ, ಬಲಗೈಯ ಹೆಬ್ಬೆರಳಿನಿಂದ ಬಳ್ಳಿಯನ್ನು ನೆಲಕ್ಕೆ ಹಿಡಿದೆ. ಹುಡುಗಿ ಆ ತುದಿ ಹಿಡಿದು ಹಿಂದೆ ಹಿಂದೆ ಹೋದಳು. ಬಳ್ಳಿ ನೆಲದಿಂದೆದ್ದು ಒಮ್ಮೆ ನಡುಗಿ, ಸೆಟೆದು ನಿಂತಿತು. ಹದಿನಾರಕ್ಕೆ ತುಸು ಕಡಿಮೆ. ಅಳೆದು ನೋಡಬೇಕೆನಿಸಲಿಲ್ಲ.

ಅವಳು ಬಾಗಿ, ಮೊಳೆಯಿಂದ ಕೆಂಪು ನೆಲ ಗೀರುತ್ತ ನಡೆದಳು. ಅವಳ ಹಿಂದೆ ಟೀಚರ ಡಬ್ಬಿಯಿಂದ ಸುಣ್ಣ ಬೀಳುತ್ತಿತ್ತು. ನಾನು ಕೂತಲ್ಲೇ ಅವಳ ಕಡೆಗೆ ತಿರುಗುತ್ತ ಹೋದೆ. ಹೊಸ ಕಟ್ಟಡ, ಇಗರ್ಜಿಯ ಗೋಪುರ, ಕೆಳಗಿನ ಅಡಿಕೆ ತೋಟದ ತಲೆಗಳು ಒಂದೊಂದಾಗಿ ಕಣ್ಣ ಮುಂದೆ ಸುತ್ತಿ ಬಂದವು. ಬಿ.ಸಿ.ರೋಡಿನ ಕೊನೆಯ ಬಸ್ಸಿಗೆ ಎಷ್ಟು ಹೊತ್ತಿದೆಯೆಂದು ವಾಚು ನೋಡಲು ಕೈ ಎತ್ತಹೋದೆ.

“ಬಿಗಿ ಹಿಡೀರಿ ಸರ್” ಎಂದಳು ಹುಡುಗಿ, ತಲೆ ಎತ್ತದೆ. “ಇನ್ನೂ ಅರ್ಧ ಉಂಟು.”